ಬೀರಪ್ಪನ ಗಾಡಿಗೆ ನಾನು ಹೇಳಿದ ತೀರ್ಪು

‘ದುರಸ್ತಿ ಮಾಡಿಸಲೋ, ಇದನ್ನು ಕೊಟ್ಟು ಬೇರೆ ತರಲೋ?’ ಎಂದು ಗಾಡಿಯ ಮಾಲಕ ಕೇಳಿದಾಗ ಮಿಸ್ತ್ರಿಯಾದವನಿಗೆ ಒಂದು ನಮೂನೆಯ ಸುಖವಾಗುತ್ತದೆ. ಅಲ್ಲಿಯತನಕ ಮೈಕೈಗೆ ಗ್ರೀಸು ಮೆತ್ತಿಕೊಂಡು ಗಾಡಿಯ ಕೆಳಗೆ ಅಂಗಾತ ಬಿದ್ದಿದ್ದವನು ಒಮ್ಮೆಲೇ ಕೋರ್ಟಿನ ಜಡ್ಜ್ ಆಗಿಬಿಡುತ್ತಾನೆ. ಸುತ್ತ ನಾಲ್ಕು ಮಂದಿ ನಿಂತು ಅವನ ಬಾಯಿ ನೋಡುತ್ತಾರೆ. ಅವನು ಕೈ ಒರೆಸಿಕೊಳ್ಳುತ್ತಾನೆ, ಬೀಡಿ ಹಚ್ಚುತ್ತಾನೆ, ಬೇಕಂತಲೇ ತಡಮಾಡುತ್ತಾನೆ. ಈಗ ಈ ಕೆಲಸಕ್ಕೆ ಬರುವ ಹುಡುಗರಿಗೆ ನಾನು ಹೇಳಬೇಕಾದದ್ದೆಲ್ಲ ಆ ಬೀಡಿ ಹಚ್ಚುವ ಹೊತ್ತಿನ ಬಗ್ಗೆಯೇ ಇದೆ. ಬಸ್ಸಿನ ಡಿಪೋ ಸೇರಿದ ಮೇಲೆ ನಾನು ಏನೇನು ಆದೆ, ಯಾವ ಕುರ್ಚಿಯಲ್ಲಿ ಕುಳಿತೆ ಎಂಬುದು ಯಾರಿಗೂ ಉಪಯೋಗದ್ದಲ್ಲ. ನಾನು ಕೆಟ್ಟದ್ದು ಅದಕ್ಕೂ ಮೊದಲು, ಜಮಖಂಡಿಯಲ್ಲಿ, ನಮ್ಮ ಸಂಸ್ಥಾನ ಹೋಗಿ ನಾವೆಲ್ಲ ಮುಂಬಯಿ ರಾಜ್ಯದವರು ಎನಿಸಿಕೊಂಡಿದ್ದ ಕಾಲದಲ್ಲಿ.

ನಾನು ಕಮ್ಮಾರರ ಮನೆಯವನು, ಹೆಸರು ಮೋನಪ್ಪ. ಅಪ್ಪ ಎತ್ತಿನ ಚಕ್ಕಡಿಯ ಗಾಲಿಗೆ ಕಬ್ಬಿಣದ ಹಳಿ ಕಟ್ಟುತ್ತಿದ್ದ. ಮೋಟಾರು ಬಂದರೆ ಚಕ್ಕಡಿ ಹೋಗುತ್ತದೆ ಎಂದು ಹೆದರಿ ನನ್ನನ್ನು ಮುಧೋಳ ರಸ್ತೆಯ ಮೇಲಿದ್ದ ಗ್ಯಾರೇಜಿಗೆ ಹಚ್ಚಿದ. ಗ್ಯಾರೇಜು ಅಂದರೆ ನಾಲ್ಕು ಕಂಬ, ಮೇಲೆ ತಗಡು, ಪಕ್ಕದಲ್ಲಿ ಒಂದು ಬೇವಿನ ಮರ. ಮಾಲಕರು ಬೇರೆ ವ್ಯಾಪಾರದವರು, ಸಂಜೆ ಬಂದು ಹಣ ಎಣಿಸಿಕೊಂಡು ಹೋಗುವುದು ಬಿಟ್ಟರೆ ಅವರಿಗೆ ಬೋಲ್ಟು ಯಾವುದು ನಟ್ಟು ಯಾವುದು ಗೊತ್ತಿರಲಿಲ್ಲ. ನಮಗೆ ಮಾಲಕ, ಗುರು ಎಲ್ಲ ಇಮಾಮಸಾಬ ಉಸ್ತಾದರೇ.

ಆಗ ಯಂತ್ರ ಪರೀಕ್ಷೆಗೆ ಇನ್ನೊಂದು ಯಂತ್ರ ಇರಲಿಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಕೆಯನ್ನು ಕಿವಿಗೆ ಹಚ್ಚಿ ಒಳಗಿನ ಸಪ್ಪಳ ಕೇಳಬೇಕು. ಎಣ್ಣೆಯನ್ನು ಬೆರಳಿನ ನಡುವೆ ತಿಕ್ಕಿ ನೋಡಬೇಕು, ಹೊಗೆಯ ಬಣ್ಣ ನೋಡಬೇಕು. ಇಮಾಮಸಾಬರ ಕಿವಿ ಅಂಥ ಕಿವಿ. ಆದರೆ ಅವರು ಕಿವಿಯನ್ನು ನಂಬುತ್ತಿದ್ದದ್ದು ಕೊನೆಗೆ. ‘ಮೊದಲ ನೀರು, ಆಮ್ಯಾಲ ಎಣ್ಣಿ, ಆಮ್ಯಾಲ ಕರೆಂಟು. ಇವು ಮೂರೂ ನೋಡಿದ ಮ್ಯಾಲ ಕಿವಿ ಹಚ್ಚಬೇಕಲೇ ಮೋನ್ಯಾ’ ಎನ್ನುತ್ತಿದ್ದರು. ಗಾಡಿ ಇಟ್ಟುಕೊಳ್ಳಬೇಕೋ ಬಿಡಬೇಕೋ ಎಂಬ ಮಾತನ್ನಂತೂ ಮೂರನೆಯ ದಿನಕ್ಕೆ ಮುಂಚೆ ಅವರು ಆಡಿದವರೇ ಅಲ್ಲ. ಗಿರಾಕಿಗಳು ಸಿಡಿಮಿಡಿ ಮಾಡುತ್ತಿದ್ದರು. ನನಗೂ ಅವರದು ಮುದುಕರ ಮಂದಗತಿ ಎನಿಸುತ್ತಿತ್ತು. ಅವರು ಮಗಳ ಮನೆ ಇದ್ದ ಮಿರಜಕ್ಕೆ ಹೋಗಿ ನೆಲೆಸಿದಾಗ ಗ್ಯಾರೇಜು ನನ್ನ ಕೈಗೆ ಬಂತು. ನಾನು ನಿಂತ ಕಾಲ ಮೇಲೆ ತೀರ್ಪು ಹೇಳತೊಡಗಿದೆ. ಮಂದಿಗೆ ಅದು ಬಹಳ ಸೇರಿತು.

ನನ್ನ ಮಾತಿಗೆ ಬೆಲೆ ಬಂದದ್ದು ಹೇಗೆ ಎಂಬುದನ್ನೂ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಏನು ಮಾಡಲಿ. ತಿಮ್ಮಾಪುರದ ಒಬ್ಬ ಸಾವುಕಾರರ ಹಳೆಯ ಕಾರು ನಮ್ಮಲ್ಲಿಗೆ ಬಂತು. ಕ್ಲಚ್ಚು ಸವೆದಿತ್ತು, ಅಷ್ಟೇ. ಅವರ ಮಗನಿಗೆ ಹೊಸ ಕಾರಿನ ಹುಚ್ಚು. ಅವನು ನನ್ನನ್ನು ಬೇವಿನ ಮರದ ಹಿಂದೆ ಕರೆದು, ‘ಅಪ್ಪನ ಮುಂದ ಇದರ ಆಯುಷ್ಯ ಮುಗೀತು ಅಂತ ಒಂದ ಮಾತ ಹೇಳಿಬಿಡು’ ಎಂದ. ಹೇಳಿದೆ. ಆ ಮುದುಕರು ಕಾರಿನ ಬಾನೆಟ್ಟಿನ ಮೇಲೆ ಕೈಯಾಡಿಸಿ, ‘ನೀ ಅಂದ ಮ್ಯಾಲ ಮುಗೀತು ಬಿಡು’ ಎಂದು ಎದ್ದು ಹೋದರು. ಮಗ ನನಗೆ ಮುಧೋಳ ನಾಯಿಯ ಒಂದು ಮರಿ ಕಳಿಸಿದ. ಅದು ನಮ್ಮ ಮನೆಯಲ್ಲಿ ನಾವು ಉಣ್ಣುವುದಕ್ಕಿಂತ ಛಲೋ ಉಂಡು, ಮೊಣಕಾಲುದ್ದ ಬೆಳೆದು, ಒಂದು ದಿನ ಮೊಲದ ಹಿಂದೆ ಓಡಿದ್ದು ತಿರುಗಿ ಬರಲಿಲ್ಲ. ‘ಅದಕ್ಕರ ಮರ್ಯಾದಿ ಐತಿ’ ಎಂದಳು ನನ್ನ ಹೆಂಡತಿ. ನಾನು ನಕ್ಕೆ. ಅದು ಲಂಚ ಎಂದು ನನಗೆ ಆಗ ಹೊಳೆದಿರಲೇ ಇಲ್ಲ. ‘ಮೋನಪ್ಪ ಅಂದ ಮ್ಯಾಲ ಮುಗೀತು’ ಎಂಬ ಮಾತು ಮಾತ್ರ ಮುಧೋಳ ಬೀಳಗಿ ರಬಕವಿ ಬನಹಟ್ಟಿಯೆಲ್ಲ ತಿರುಗಾಡಿತು. ಬೀರಪ್ಪನೂ ಅದನ್ನು ಕೇಳಿಕೊಂಡೇ ನನ್ನ ಹತ್ತಿರ ಬಂದವನು.

ಬೀರಪ್ಪ ಬೀಳಗಿ ತಾಲೂಕಿನ ಬಾಡಗಂಡಿ ಕಡೆಯ ಕುರುಬರವನು, ನನ್ನ ವಾರಿಗೆಯವನೇ. ಬೀರೇಶ್ವರನ ಭಕ್ತ, ಹಣೆಯಲ್ಲಿ ಭಂಡಾರ, ಅಂದರೆ ದೇವರ ಅರಿಷಿಣ, ಇಲ್ಲದೆ ನಾನು ಅವನನ್ನು ಕಂಡದ್ದಿಲ್ಲ. ಎಂಬತ್ತು ಕುರಿ ಇದ್ದವು. ಅವುಗಳಲ್ಲಿ ನಲವತ್ತು ಮಾರಿ, ಮಿಲಿಟರಿಯವರು ಲಿಲಾವು ಕೂಗಿ ಮಾರಿದ್ದ ಒಂದು ಸಣ್ಣ ಲಾರಿ ತಂದಿದ್ದ. ಈಗಿನವರು ಪಿಕಪ್ ಅನ್ನುತ್ತಾರಲ್ಲ, ಅಂಥದ್ದು. ಮುಂದೆ ಇಬ್ಬರು ಕೂಡುವಷ್ಟು ಜಾಗ, ಹಿಂದೆ ತೆರೆದ ಪೆಟ್ಟಿಗೆ. ಕುರಿ ಬಿಟ್ಟು ಮೋಟಾರು ಹಿಡಿದ ಎಂದು ಅಣ್ಣತಮ್ಮಂದಿರು ನಗಾಡಿದರು. ಅವನು ಬಾನೆಟ್ಟಿಗೆ ಭಂಡಾರ ಹಚ್ಚಿ, ಬನಹಟ್ಟಿಯ ಸೀರೆಯ ಗಂಟುಗಳನ್ನು ಬೀಳಗಿ, ಮುಧೋಳದ ಸಂತೆಗಳಿಗೆ ಮುಟ್ಟಿಸುತ್ತ, ಬರುವಾಗ ಮೆಣಸಿನಕಾಯಿ, ಕಂಬಳಿ, ಬೆಲ್ಲ ಏನು ಸಿಕ್ಕರೆ ಅದನ್ನು ತರುತ್ತ ಎರಡು ವರ್ಷದಲ್ಲಿ ನಗಾಡಿದವರ ಬಾಯಿ ಮುಚ್ಚಿಸಿದ. ಅವನ ಹೆಂಡತಿ ಯಲ್ಲವ್ವ ಉಳಿದ ನಲವತ್ತು ಕುರಿ ಕಾಯುತ್ತಿದ್ದಳು. ‘ಗಾಡಿ ನಿಂದು, ಕುರಿ ನಂದು’ ಎಂದು ಅವಳು ಪಾಲು ಮಾಡಿಕೊಂಡಿದ್ದಳಂತೆ. ಅವನೇ ನಗುತ್ತ ಹೇಳಿದ್ದ.

ಒಮ್ಮೆ ಬ್ರೇಕು ಸರಿಮಾಡಿ, ಹೇಗೆ ಹಿಡಿಯುತ್ತದೆ ನೋಡೋಣವೆಂದು ನಾನೂ ಅವನ ಗಾಡಿಯಲ್ಲಿ ಬನಹಟ್ಟಿಗೆ ಹೊರಟೆ. ರಬಕವಿ ಹತ್ತಿರ ರೇಡಿಯೇಟರಿನಿಂದ ನೀರು ಸೋರತೊಡಗಿತು. ಅಂಥ ಹೊತ್ತಿನಲ್ಲಿ ಡ್ರೈವರುಗಳು ನೀರಿಗೆ ಹಿಡಿ ಅರಿಷಿಣ ಪುಡಿ ಹಾಕುತ್ತಿದ್ದರು, ಸಣ್ಣ ತೂತು ಮುಚ್ಚಿಕೊಳ್ಳುತ್ತಿತ್ತು. ಬೀರಪ್ಪ ಸೊಂಟದ ಚೀಲದಿಂದ ಭಂಡಾರ ತೆಗೆದ. ಆ ರಸ್ತೆಯ ಬದಿಗೆ ನೇಕಾರರು ನೂಲು ಎಳೆದು ಕಟ್ಟಿ, ಅದಕ್ಕೆ ಗಂಜಿ ಹಚ್ಚಿ, ದೊಡ್ಡ ಕುಂಚದಿಂದ ತೀಡುತ್ತಿದ್ದರು. ನನಗೊಂದು ಯುಕ್ತಿ ಹೊಳೆಯಿತು.

‘ಭಂಡಾರ ದೇವರಿಗಿರಲಿ ಬೀರಪ್ಪಾ, ತಡಿ’ ಎಂದು ನೇಕಾರರ ಗಡಿಗೆಯಿಂದ ಎರಡು ಸವುಟು ಗಂಜಿ ಇಸಿದುಕೊಂಡು ಬಂದು ರೇಡಿಯೇಟರಿಗೆ ಸುರಿದೆ. ಇಂಜಿನ್ನಿನ ಕಾವಿಗೆ ಅದು ಬೆಂದು ಗಟ್ಟಿಯಾಗಿ ತೂತು ಮುಚ್ಚಿತು. ಬನಹಟ್ಟಿ ಮುಟ್ಟುವತನಕ ಒಂದು ಹನಿ ಬೀಳಲಿಲ್ಲ. ಬೀರಪ್ಪ ಎರಡೂ ಕೈ ಎತ್ತಿ ನಮಸ್ಕಾರ ಮಾಡಿದ. ನಾನು ಮುಂದಿನ ಎಂಟು ದಿನ ಬಂದವರ ಮುಂದೆಲ್ಲ ಅದನ್ನೇ ಹೇಳಿ ಜಂಬ ಕೊಚ್ಚಿಕೊಂಡೆ.

‘ತಿಂಗಳ ಬಿಟ್ಟ ಬಾ, ಬಿಚ್ಚಿ ತೊಳದು ತೂತಿಗಿ ಡಾಕಿನ ಬೆಸಗಿ ಹಾಕತೇನಿ’ ಎಂದು ಹೇಳಿದ್ದೆ. ಬರೋಬ್ಬರಿ ತಿಂಗಳಿಗೆ ಬಂದ. ನನಗೆ ಅಂದು ಕೈತುಂಬ ಕೆಲಸ.

‘ಸೋರತೈತೇನು?’ ಎಂದೆ.

‘ಇಲ್ರಿ.’

‘ಮತ್ತ ಯಾಕ ಬಿಚ್ಚೂದು? ಸೋರಿದ್ರ ಇನ್ನೊಂದ ಸವುಟ ಹಾಕು.’

ಹೇಳಿದ್ದನ್ನು ಚಾಚೂ ತಪ್ಪದೆ ಮಾಡುವ ಮನುಷ್ಯ ಅವನು. ಬನಹಟ್ಟಿಗೆ ಹೋದಾಗಲೆಲ್ಲ ಎಲ್ಲಿಯಾದರೂ ಒಂದು ಹನಿ ಕಂಡರೆ ಸಾಕು, ಒಂದು ಸವುಟು ಗಂಜಿ ಬೇಡಿ ಸುರಿಯುತ್ತಿದ್ದ. ಹೀಗೆ ಅವನು ಎಷ್ಟು ಸಲ ಸುರಿದ ಎಂದು ನಾನು ಕೇಳಲಿಲ್ಲ.

ಮುಂದಿನ ಬೇಸಿಗೆಗೆ ಗಾಡಿ ಹೈರಾಣ ಮಾಡತೊಡಗಿತು. ಎರಡು ಮೈಲಿಗೆ ನೀರು ಕುದಿಯುವುದು, ಏರಿನಲ್ಲಿ ಉಸಿರು ಕಟ್ಟುವುದು, ಒಳಗೆ ಟಕಟಕ ಸಪ್ಪಳ. ಬೀರಪ್ಪ ಎತ್ತು ಕಟ್ಟಿ ಎಳೆಸಿಕೊಂಡು ಬಂದು ಬೇವಿನ ಮರದ ಕೆಳಗೆ ನಿಲ್ಲಿಸಿದ. ಆ ದಿನ ಸಂತೆ, ಗ್ಯಾರೇಜಿನ ಮುಂದೆ ಹತ್ತಾರು ಮಂದಿ. ಸೋಲಾಪುರದ ಕಡೆಯ ಒಬ್ಬ ದಲಾಲನೂ ಅಲ್ಲಿಯೇ ಬೀಡು ಬಿಟ್ಟಿದ್ದ. ಹಳೆಯ ಗಾಡಿ ಕೊಂಡು, ಮೇಲೆ ಅಷ್ಟು ಹಣ ತೆಗೆದುಕೊಂಡು, ಬಣ್ಣ ಹೊಡೆದ ಬೇರೆ ಗಾಡಿ ಕೊಡುವುದು ಅವನ ದಂಧೆ. ಅವನಿಂದ ನಾನು ಒಂದು ಕಾಸನ್ನೂ ಮುಟ್ಟಲಿಲ್ಲ. ಇದನ್ನು ನನ್ನ ಒಳ್ಳೆಯತನಕ್ಕೆಂದು ಹೇಳುತ್ತಿಲ್ಲ. ಹಣಕ್ಕಾಗಿ ಮಾಡಿದ್ದರೆ ಆಸೆಬುರುಕ ಎಂದಾದರೂ ನನ್ನನ್ನು ನಾನು ಬೈದುಕೊಳ್ಳಬಹುದಿತ್ತು.

ನಾನು ಇಂಜಿನ್ ಚಾಲೂ ಮಾಡಿಸಿದೆ. ರೇಡಿಯೇಟರಿನ ಬಾಯಲ್ಲಿ ಗುಳುಗುಳು ಗುಳ್ಳೆ ಎದ್ದವು. ಸ್ಕ್ರೂಡ್ರೈವರು ಕಿವಿಗೆ ಹಚ್ಚಿದೆ. ರೇಡಿಯೇಟರಿನ ಕೆಳಗಿನ ನಲ್ಲಿ ತಿರುಗಿಸಿದರೆ ನೀರು ಹೊರಗೆ ಬರಲಿಲ್ಲ. ತುಕ್ಕು ಹಿಡಿದಿರಬೇಕು ಎಂದುಕೊಂಡೆ. ನೀರು ಮೊದಲು ಎಂದು ಇಮಾಮಸಾಬರು ಹದಿನೈದು ವರ್ಷ ಹೇಳಿದ್ದು ಆ ನಲ್ಲಿಯಲ್ಲೇ ಇತ್ತು. ನಾನು ಬೀಡಿ ಹಚ್ಚಿದೆ.

‘ಇಂಜಿನ್ನಿನ ಬ್ಲಾಕ್ ಒಡದೈತಿ’ ಎಂದೆ. ‘ಇನ್ನ ಇದಕ್ಕ ಎಷ್ಟ ಸುರುವಿದ್ರೂ ಅಷ್ಟ. ಕೊಟ್ಟ ಬ್ಯಾರೆ ತಗೋ.’

ಬೀರಪ್ಪನ ಮುಖ ಇಳಿದುಹೋಯಿತು. ದಲಾಲ ಕೂಡಲೇ ಲೆಕ್ಕ ಹೇಳಿದ. ಅವನು ಕೇಳಿದಷ್ಟು ಮೇಲೆ ಹಾಕಬೇಕೆಂದರೆ ಉಳಿದ ನಲವತ್ತು ಕುರಿಯೂ ಹೋಗಬೇಕು. ಅಂದರೆ ಕುರುಬರ ಮನೆಯಲ್ಲಿ ಒಂದೂ ಕುರಿ ಉಳಿಯುವುದಿಲ್ಲ, ಎಲ್ಲ ಆ ಹೊಸ ಗಾಡಿಯ ಮೇಲೆಯೇ ನಿಲ್ಲುತ್ತದೆ.

‘ಮನ್ಯಾಗ ಕೇಳ್ತೇನ್ರಿ. ದೇವರನ್ನೂ ಕೇಳ್ತೇನಿ’ ಎಂದು ಹೋದ.

ಅವರಲ್ಲಿ ದೊಡ್ಡ ಕೆಲಸಕ್ಕೆ ಮೊದಲು ದೇವರಿಗೆ ಹೂ ಕೇಳುವ ಪದ್ಧತಿ. ಪೂಜಾರಿ ದೇವರ ಎರಡೂ ಭುಜಕ್ಕೆ ಒದ್ದೆ ಹೂವು ಅಂಟಿಸುತ್ತಾನೆ, ಎಲ್ಲರೂ ಕೈಮುಗಿದು ಕೂಡುತ್ತಾರೆ. ಬಲದ ಹೂ ಬಿದ್ದರೆ ಒಂದು ಅರ್ಥ, ಎಡದ್ದು ಬಿದ್ದರೆ ಇನ್ನೊಂದು. ಗಾಡಿ ಇಟ್ಟುಕೋ ಎನ್ನುವುದಾದರೆ ಬಲಕ್ಕೆ ಕೊಡು, ಬಿಡು ಎನ್ನುವುದಾದರೆ ಎಡಕ್ಕೆ ಕೊಡು ಎಂದು ಬೇಡಿಕೊಂಡಿದ್ದರು. ಮೂರನೆಯ ದಿನ ಬೀರಪ್ಪ ಹೆಂಡತಿಯನ್ನೂ ಕರೆದುಕೊಂಡು ಬಂದ. ಮುಖದ ತುಂಬ ಗೆಲುವು.

‘ಮಿಸ್ತ್ರಿಯವರ, ದೇವರು ಬಲಕ್ಕ ಹೂ ಕೊಟ್ಟಾನ್ರಿ. ಇಟ್ಕೋ ಅಂದಾನ. ನೀವ ಇನ್ನೊಮ್ಮಿ ನೋಡ್ರಿ.’

ಅಲ್ಲಿ ನಿಂತವರು ನನ್ನ ಕಡೆ ನೋಡಿದರು. ನಾನು ಹೇಳಿದ್ದನ್ನು ಎಲ್ಲರೆದುರು ಯಾರೂ ಹೀಗೆ ಬೇರೆ ಕಡೆ ವಿಚಾರಿಸಿ ಬಂದಿರಲಿಲ್ಲ. ನನಗೆ ಸಿಟ್ಟು ಬಂತು. ದೇವರ ಮೇಲೆ ಎನ್ನಲೋ, ಬೀರಪ್ಪನ ಮೇಲೆ ಎನ್ನಲೋ.

‘ನಿಮ್ಮ ದೇವರಿಗೆ ಇದರಾಗ ಪಿಸ್ಟನ್ ಎಷ್ಟ ಅದಾವ ಗೊತ್ತೈತೇನು?’ ಎಂದೆ. ‘ಕುರಿಗಿ ಬ್ಯಾನಿ ಬಂದ್ರ ಅಂವನ್ನ ಕೇಳು. ಇಂಜಿನ್ನಿಗಿ ಬಂದ್ರ ನನ್ನ ಕೇಳು.’

ಮಂದಿ ಗೊಳ್ಳೆಂದು ನಕ್ಕರು. ಬೀರಪ್ಪನೂ ನಗಲು ನೋಡಿದ. ಯಲ್ಲವ್ವ ನಗಲಿಲ್ಲ. ಅವಳು ಸೆರಗು ಸರಿಮಾಡಿಕೊಂಡು ಮುಂದೆ ಬಂದು, ‘ಯಣ್ಣಾ, ಬಿಚ್ಚಿ ನೋಡಿ ಹೇಳಾಕತ್ತೀರೇನ್ರಿ?’ ಎಂದು ಕೇಳಿದಳು.

‘ಬಿಚ್ಚೂದೇನೈತಿ ಬೇ? ಕಿವಿಗಿ ಕೇಳತೈತಿ.’

ಅವಳು ಗಂಡನ ಮುಖ ನೋಡಿದಳು. ಅವನು ನನ್ನ ಮುಖ ನೋಡಿದ. ಆಮೇಲೆ, ‘ಮಿಸ್ತ್ರಿ ಅಂದ ಮ್ಯಾಲ ಮುಗೀತು’ ಎಂದ. ಆ ಮಾತು ಕೇಳಿ ನನಗೆ ಎಷ್ಟು ಹಿಗ್ಗಾಯಿತೆಂಬುದು ಈಗಲೂ ನೆನಪಿದೆ.

ಅದೇ ವಾರ ಕುರಿಗಳು ಹೋದವು. ಬೀರಪ್ಪ ಹಸಿರು ಬಣ್ಣದ ಬೇರೆ ಗಾಡಿಯನ್ನು ಓಡಿಸಿಕೊಂಡು ಊರಿಗೆ ಹೋದ. ಹಳೆಯದನ್ನು ದಲಾಲ ನನ್ನ ಅಂಗಳದಲ್ಲೇ ಬಿಟ್ಟು, ‘ಸೋಲಾಪುರತನಕ ಹ್ಯಾಂಗರ ಹೋಗೂವಂಗ ಮಾಡ್ರಿ, ಅಲ್ಲಿ ಬಿಚ್ಚಿ ಸಾಮಾನು ಮಾರತೇನಿ’ ಎಂದ. ಆ ಹೊತ್ತಿಗೆ ಸರಿಯಾಗಿ ಇಮಾಮಸಾಬರು ಮೊಹರಮ್ಮಿಗೆಂದು ಊರಿಗೆ ಬಂದವರು ಗ್ಯಾರೇಜಿಗೂ ಬಂದು, ತಮ್ಮ ಹಳೆಯ ಜಾಗದಲ್ಲಿ, ಟಾಯರಿನ ಮೇಲೆ ಕುಳಿತಿದ್ದರು. ಸೋಲಾಪುರದವರೆಗೆ ನೀರು ಕುದಿಯದೆ ಹೋಗಬೇಕಲ್ಲ ಎಂದು ನಾನು ರೇಡಿಯೇಟರು ಬಿಚ್ಚಿದೆ. ಕೆಳಗಿನ ನಲ್ಲಿಗೆ ತಂತಿ ಹಾಕಿ ಕೆದಕಿದೆ. ಮೊದಲು ಒಂದು ಬಿಳಿಯ ಗಂಟು ಹೊರಬಂತು, ಅದರ ಹಿಂದೆ ಮುದ್ದೆಮುದ್ದೆಯಾಗಿ ಇನ್ನಷ್ಟು. ಅಂಗಳದ ತುಂಬ ಹುಳಿ ವಾಸನೆ ಹರಡಿತು. ನೇಕಾರರ ಓಣಿಯಲ್ಲಿ ಹಾಯ್ದವರಿಗೆ ಯಾರಿಗಾದರೂ ಆ ವಾಸನೆ ಗೊತ್ತಾಗುತ್ತದೆ.

‘ಇದೇನಲೇ ಮೋನ್ಯಾ?’ ಎಂದರು ಉಸ್ತಾದರು.

‘ಗಂಜಿ.’

‘ಯಾರ ಹಾಕಿದ್ರು?’

ನಾನು ಬೀರಪ್ಪನ ಗಾಡಿಯ ಕತೆಯನ್ನೆಲ್ಲ ಹೇಳಿದೆ. ಅವರೇ ಎದ್ದು ಬಂದು, ಕಾಯಿಸಿದ ನೀರಿಗೆ ಬಟ್ಟೆ ಒಗೆಯುವ ಸೋಡಾ ಖಾರ ಕಲಸಿ, ಕೆಳಗಿನಿಂದ ಮೇಲಕ್ಕೆ ನೀರು ನುಗ್ಗಿಸಿ ನಾಲ್ಕು ಸಲ ತೊಳೆಸಿದರು. ಒಳಗಿನ ಕೊಳವೆಗಳೆಲ್ಲ ತೆರೆದವು. ಇಂಜಿನ್ ಚಾಲೂ ಮಾಡಿದೆವು. ಗುಳ್ಳೆ ಇಲ್ಲ, ಸಪ್ಪಳ ಇಲ್ಲ. ಕುದಿಯುವ ನೀರನ್ನು ನಾನು ಒಡೆದ ಬ್ಲಾಕು ಅಂದಿದ್ದೆ. ಕಾವಿಗೆ ತಡಬಡಿಸುತ್ತಿದ್ದ ಇಂಜಿನ್ನನ್ನು ಸತ್ತಿತು ಅಂದಿದ್ದೆ. ಗಾಡಿಯನ್ನು ಮುಧೋಳ ರಸ್ತೆಯ ಏರಿನವರೆಗೆ ಓಡಿಸಿ ತಂದೆವು. ಏರಿನಲ್ಲಿಯೂ ಅದು ತಣ್ಣಗೆ ನಡೆಯಿತು. ಉಸ್ತಾದರು ನನಗೆ ಒಂದು ಬೈಗುಳವನ್ನೂ ಕೊಡಲಿಲ್ಲ. ‘ಆ ಕುರುಬಗ ಇವತ್ತ ಹೋಗಿ ಹೇಳು. ದಲಾಲ ಇನ್ನೂ ಊರಾಗ ಅದಾನ, ತಿರುಗಿ ಕೊಡಸೋಣು’ ಎಂದಷ್ಟೇ ಹೇಳಿದರು. ಹೂಂ ಎಂದೆ.

ಸೈಕಲ್ಲು ತೆಗೆದುಕೊಂಡು ಬೀಳಗಿ ರಸ್ತೆ ಹಿಡಿದದ್ದು ನಿಜ. ಊರ ಹೊರಗಿನ ಬಾವಿಯವರೆಗೆ ಹೋದೆ. ಅಲ್ಲಿ ಕುಳಿತು ಹೇಗೆ ಹೇಳುವುದೆಂದು ಯೋಚಿಸಿದೆ. ‘ನಿಮ್ಮ ದೇವರ ಮಾತೇ ಖರೆ ಆತು’ ಎಂದು ಅವರ ಅಂಗಳದಲ್ಲಿ ನಿಂತು ಹೇಳಬೇಕಲ್ಲ ಎನಿಸಿತು. ನನ್ನ ಜೋಕಿಗೆ ಅಂದು ನಕ್ಕ ಮಂದಿಯೆಲ್ಲ ಕಣ್ಣ ಮುಂದೆ ಬಂದರು. ತಿರುಗಿ ಬಂದೆ. ಮರುದಿನ ದಲಾಲ ಗಾಡಿ ನಡೆಯುವುದನ್ನು ಕಂಡು ಬಾಯಿ ಕಿವಿಗೆ ಹೋಗುವಷ್ಟು ನಕ್ಕು, ಓಡಿಸಿಕೊಂಡು ಸೋಲಾಪುರಕ್ಕೆ ಹೋದ. ಅದು ಈ ಕಡೆ ಮತ್ತೆ ಕಾಣಲಿಲ್ಲ. ಕಾಣದಿದ್ದದ್ದು ನನಗೆ ನಿರಾಳವೆನಿಸಿತು. ಮರುವರ್ಷ ಮೊಹರಮ್ಮಿಗೆ ಬಂದ ಉಸ್ತಾದರು ಮೊದಲು ಕೇಳಿದ್ದೇ, ‘ಅಂವಗ ಹೇಳಿದೇನು?’ ಎಂದು. ‘ಹೇಳಿದೆ’ ಎಂದೆ. ಅವರು ನನ್ನ ಬೆನ್ನು ತಟ್ಟಿದರು. ಅವರ ಕೈಯಿಂದ ನಾನು ಸುಳ್ಳು ಹೇಳಿ ಇಸಿದುಕೊಂಡದ್ದು ಅದೊಂದೇ ಶಾಬಾಸಕಿ.

ಹಸಿರು ಗಾಡಿ ಎರಡನೆಯ ಸುಗ್ಗಿ ಕಾಣಲಿಲ್ಲ. ಬಣ್ಣದ ಕೆಳಗೆ ಅದರ ಅಡಿಯ ಚಾಸಿಗೆ ಎರಡು ಕಡೆ ಬೆಸುಗೆ ಹಾಕಿದ್ದಿತ್ತು. ಬೆಲ್ಲ ಹೇರಿಕೊಂಡು ಹಳ್ಳ ದಾಟುವಾಗ ನಡುವೇ ಮುರಿಯಿತು. ಬೀರಪ್ಪ ಅದನ್ನು ತೂಕಕ್ಕೆ ಮಾರಿ, ಅಣ್ಣನ ಕುರಿ ಕಾಯಲು ನಿಂತ. ಎಂಬತ್ತು ಕುರಿಯ ಒಡೆಯ, ಅಣ್ಣನ ಹಟ್ಟಿಯಲ್ಲಿ ಕೂಲಿಯವ. ಯಲ್ಲವ್ವ ಕಂಡವರ ಹೊಲಕ್ಕೆ ಕಬ್ಬು ಕಡಿಯಲು ಹೋಗುತ್ತಾಳೆಂದು ಸಂತೆಗೆ ಬಂದವರು ಹೇಳಿದರು. ನಾನು ಕೇಳಿಸಿಕೊಳ್ಳದವನ ಹಾಗೆ ನಟ್ಟು ತಿರುಗಿಸುವ ಪಾನಾ ಒರೆಸುತ್ತ ಕುಳಿತೆ.

ಇದರ ಮುಂದಿನದು ನನ್ನನ್ನು ಹೆಚ್ಚು ಕಾಡಿದ್ದು. ಒಂದು ಮಧ್ಯಾಹ್ನ ಯಾರದೋ ಲಾರಿಯನ್ನು ದುರಸ್ತಿ ಮಾಡಿ, ಪರೀಕ್ಷೆಗೆಂದು ಬೀಳಗಿ ರಸ್ತೆಯಲ್ಲಿ ಓಡಿಸಿಕೊಂಡು ಬರುತ್ತಿದ್ದೆ. ಬಿಸಿಲು ಅಂದರೆ ಡಾಂಬರು ಕಾಣದ ಆ ರಸ್ತೆಯ ಮಣ್ಣೂ ಸುಡುತ್ತಿತ್ತು. ಮುಂದೆ ಒಬ್ಬ ಹೆಗಲಿಗೆ ಕಂಬಳಿ ಹಾಕಿಕೊಂಡು ಬರಿಗಾಲಲ್ಲಿ ನಡೆಯುತ್ತಿದ್ದ. ಹತ್ತಿರ ಬಂದಾಗ ನೋಡಿದರೆ ಬೀರಪ್ಪ. ಲಾರಿ ನಿಲ್ಲಿಸಿದೆ.

‘ಹತ್ತು ಬೀರಪ್ಪಾ, ಜಮಖಂಡಿತನಕ ಬಿಡತೇನಿ.’

‘ಒಲ್ಲೇರಿ ಮಿಸ್ತ್ರಿಯವರ. ಹರಕಿ ಐತಿ.’

‘ಎಂಥಾ ಹರಕಿ?’

‘ದೇವರು ಹೂ ಕೊಟ್ರೂ ನಾ ಮಾತ ಮೀರಿದ್ನಲ್ರಿ. ಅದಕ್ಕ ಗಾಡಿ ಮುರೀತು, ಕುರಿ ಹ್ವಾದವು. ಅಂವ ಸಿಟ್ಟ ಬಿಡೂತನಕ ಮೋಟಾರ ಹತ್ತೂದಿಲ್ಲ, ಕಾಲಾಗ ಮೆಟ್ಟ ಹಾಕೂದಿಲ್ಲ ಅಂತ ಬೇಡ್ಕೊಂಡೇನ್ರಿ.’

ನನ್ನ ಮುಖದಲ್ಲಿ ಏನು ಕಂಡನೋ, ಅವನೇ ನನಗೆ ಸಮಾಧಾನ ಹೇಳಿದ. ‘ನಿಮ್ಮದೇನ ತಪ್ಪಿಲ್ರಿ. ನೀವ ಖರೆ ಇದ್ದದ್ದ ಹೇಳಿದ್ರಿ. ಬ್ಯಾರೆ ಯಾರರ ಇದ್ರ ದುರಸ್ತಿ ದುರಸ್ತಿ ಅಂತ ನನ್ನ ರೊಕ್ಕ ತಿಂತಿದ್ರು.’

ಹೇಳಿಬಿಡಲು ಅದಕ್ಕಿಂತ ಒಳ್ಳೆಯ ಹೊತ್ತು ಬೇಕಿತ್ತೇ? ರಸ್ತೆಯಲ್ಲಿ ನಾವಿಬ್ಬರೇ. ನಗಲು ಒಂದು ನರಪಿಳ್ಳೆ ಇರಲಿಲ್ಲ. ಎರಡು ಮಾತು, ಗಂಜಿ ನಾನು ಹಾಕಿದ್ದೆ, ಬ್ಲಾಕು ಒಡೆದಿರಲಿಲ್ಲ. ನಾನು ‘ಬಿಸಿಲೈತಿ, ನೆರಳ ನೋಡಿ ನಡಿ’ ಎಂದು ಹೇಳಿ ಗೇರು ಹಾಕಿದೆ. ಲಾರಿಯ ಧೂಳು ಅವನ ಮೇಲೆ ಹೋಗದ ಹಾಗೆ ಮೆಲ್ಲಗೆ ಬಂದೆ ಎಂದು ನನ್ನನ್ನು ನಾನು ಬಹಳ ವರ್ಷ ಹೊಗಳಿಕೊಂಡಿದ್ದೇನೆ. ನಾಚಿಕೆಗೆಟ್ಟವನಿಗೆ ಅಷ್ಟೂ ಒಂದು ಆಧಾರ.

ನಾವು ಮೈಸೂರು ರಾಜ್ಯಕ್ಕೆ ಸೇರಿದೆವು, ನಾನು ಬಸ್ಸಿನ ಡಿಪೋ ಸೇರಿದೆ. ಅಲ್ಲಿ ಗಾಳಿಯ ಒತ್ತಡಕ್ಕೊಂದು ಮೀಟರು, ಕಾವಿಗೊಂದು ಮೀಟರು, ಎಲ್ಲಕ್ಕೂ ಕಾಗದ. ಬಿಚ್ಚಿ ನೋಡದೆ, ಬರೆದು ಸಹಿ ಹಾಕದೆ ಯಾವ ಗಾಡಿಯನ್ನೂ ಸತ್ತಿತು ಅನ್ನುವ ಹಾಗಿರಲಿಲ್ಲ. ಹೊಸ ಹುಡುಗರು ಇದು ಬೇಸರದ ಕೆಲಸವೆಂದು ಗೊಣಗುತ್ತಿದ್ದರು. ನನಗೆ ಆ ಕಾಗದದ ಹಿಂದೆ ಅಡಗಿಕೊಳ್ಳುವುದು ಎಷ್ಟು ಸುಖವಾಗಿತ್ತೆಂದು ಅವರಿಗೇನು ಗೊತ್ತು. ನೀರು ನೋಡಿದ ಮೇಲೆಯೇ ಮುಂದೆ ಹೋಗಬೇಕೆಂದು ನಾನು ಅವರ ಜೀವ ತಿಂದೆ. ಶಿಸ್ತಿನ ಮನುಷ್ಯ ಎಂಬ ಹೆಸರೂ ಬಂತು.

ನಿವೃತ್ತಿಯ ದಿನ ಹಾರ ಹಾಕಿ ಕುರ್ಚಿಯಲ್ಲಿ ಕೂರಿಸಿದರು. ಒಬ್ಬರು ಎದ್ದು, ‘ಮೋನಪ್ಪನವರು ತಮ್ಮ ಜನ್ಮದಲ್ಲಿ ಒಂದೂ ತಪ್ಪು ತೀರ್ಪು ಹೇಳಿಲ್ಲ’ ಎಂದರು. ಎಲ್ಲರೂ ಚಪ್ಪಾಳೆ ಹೊಡೆದರು. ಆ ಚಪ್ಪಾಳೆ ಮುಗಿಯುವತನಕ ನಾನು ನೆಲ ನೋಡುತ್ತ ಕುಳಿತಿದ್ದೆ. ಅದನ್ನೂ ಅವರು ವಿನಯವೆಂದು ತಿಳಿದರು. ಅದರ ಮುಂದಿನ ವಾರ ಬಾಡಗಂಡಿಯ ಕಡೆ ಹೋಗುವ ಬಸ್ಸು ಹತ್ತಿದೆ.

ಬೀರಪ್ಪನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಬರಿಗಾಲ ಬೀರಪ್ಪ ಎಂದರೆ ಯಾರಾದರೂ ತೋರಿಸುತ್ತಿದ್ದರು. ಕಟ್ಟೆಯ ಮೇಲೆ ಕುಳಿತು ಉಣ್ಣೆ ಹಿಂಜುತ್ತಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು. ಕೂಡಲೇ ಗುರುತು ಹಿಡಿದು, ‘ಬರ್ರಿ ಮಿಸ್ತ್ರಿಯವರ, ಕುಂದರ್ರಿ, ಎಷ್ಟ ವರ್ಸಾತು’ ಎಂದು ಕಂಬಳಿ ಹಾಸಿದ. ಒಳಗೆ ಚಹಾ ಇಡಲು ಕೂಗಿ ಹೇಳಿದ. ಅವನ ಅಂಗಾಲುಗಳು ಒಡೆದು, ಬೇಸಿಗೆಯ ಎರೆ ಹೊಲದ ಹಾಗೆ ಬಿರುಕು ಬಿಟ್ಟಿದ್ದವು. ಚಹಾ ಬರುವ ಮೊದಲೇ ಹೇಳಬೇಕು, ಕುಡಿದ ಮೇಲೆ ಹೇಳಲಾರೆ ಎನಿಸಿತು. ಎಲ್ಲ ಹೇಳಿದೆ. ಗಂಜಿ, ನಲ್ಲಿ, ಸೋಡಾ ಖಾರ, ಬಾವಿಯವರೆಗೆ ಬಂದು ತಿರುಗಿ ಹೋದದ್ದು, ಉಸ್ತಾದರಿಗೆ ಹೇಳಿದ ಸುಳ್ಳು.

ಅವನು ಉಣ್ಣೆ ಕೆಳಗಿಟ್ಟ.

‘ಬ್ಲಾಕ ಒಡದಿದ್ದಿಲ್ಲನ್ರಿ?’

‘ಇಲ್ಲ ಬೀರಪ್ಪಣ್ಣ.’

‘ಹಂಗಾದ್ರ ನನ್ನ ಕುರಿ ಹ್ವಾದದ್ದು ದೇವರ ಸಿಟ್ಟಿಗಲ್ಲನ್ರಿ?’

‘ಅಲ್ಲ. ನನ್ನ ತಪ್ಪಿಗೆ.’

ಅವನು ನನ್ನನ್ನು ಬೈಯಬಹುದು, ಹೊರಗೆ ನಡಿ ಎನ್ನಬಹುದು ಎಂದು ನಾನು ಕಾದಿದ್ದೆ. ನಿಜ ಹೇಳಬೇಕೆಂದರೆ ಅದಕ್ಕೆ ಆಸೆಪಟ್ಟಿದ್ದೆ. ಅವನು ಒಳಗಿನ ಕಡೆ ತಿರುಗಿ ಹೆಂಡತಿಯನ್ನು ಕರೆದ. ಯಲ್ಲವ್ವ ಚಹಾದ ಬಟ್ಟಲು ಹಿಡಿದುಕೊಂಡೇ ಬಾಗಿಲಿಗೆ ಬಂದಳು.

‘ನನ್ನ ಮುಂದ ಹೇಳಿದ್ದ ಸಾಕಾಗೂದಿಲ್ರಿ’ ಎಂದ ಬೀರಪ್ಪ. ‘ಅಕಿ ಮುಂದ ಇನ್ನೊಮ್ಮಿ ಹೇಳ್ರಿ. ಎಲ್ಲಾ ಹೇಳ್ರಿ.’

ಎಲ್ಲವನ್ನೂ ಎರಡನೆಯ ಸಲ ಹೇಳಿದೆ. ಅವಳು ಬಾಗಿಲ ಚೌಕಟ್ಟಿಗೆ ಒರಗಿ ನಿಂತು ಕೇಳಿದಳು. ಮುಗಿದ ಮೇಲೆ ಒಂದೇ ಮಾತು ಕೇಳಿದಳು.

‘ಇಂವ ಬಿಸಲಾಗ ನಡಕೋತ ಹೊಂಟಾಗ ಲಾರಿ ಹತ್ತು ಅಂದ್ರಿ ಅಂತಲ್ರಿ. ಆವತ್ತ ನಿಮಗ ಇದು ಗೊತ್ತಿತ್ತೇನ್ರಿ?’

‘ಗೊತ್ತಿತ್ತು ಯವ್ವಾ’ ಎಂದೆ.

ಅವಳು ಬಟ್ಟಲನ್ನು ನನ್ನ ಮುಂದೆ ಇಡಲಿಲ್ಲ, ಹೊಸ್ತಿಲ ಮೇಲೆಯೇ ಇಟ್ಟು ಕುಳಿತಳು. ನನ್ನ ಕಡೆ ನೋಡಲೂ ಇಲ್ಲ. ಗಂಡನ ಕಡೆ ತಿರುಗಿ, ‘ದೇವರ ಹೂ ಮೀರಿದಿ, ಮನಿ ಹಾಳ ಮಾಡಿದಿ ಅಂತ ಇಷ್ಟ ವರ್ಸ ನಿನ್ನ ಬೈಕೋತ ಬಂದೆನಲ್ಲ’ ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಬೀರಪ್ಪ ಕಟ್ಟೆಯಿಂದ ಇಳಿದು ಹೋಗಿ ಅವಳ ಪಕ್ಕದಲ್ಲಿ ಹೊಸ್ತಿಲ ಮೇಲೆ ಕುಳಿತ.

ನಾನು ಎದ್ದೆ. ಕುಂದರು ಎಂದು ಇಬ್ಬರೂ ಅನ್ನಲಿಲ್ಲ.